ಕರಿಮೆಣಸು, ಕೆಂಪು ಮೆಣಸು ಮತ್ತು ಸಿಪಾಯಿಯ ಕಾಗದ

ಮಾನ್ಯರೇ,

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿದ್ದ ಭಾರತೀಯ ಸಿಪಾಯಿಗಳ ಪತ್ರಗಳನ್ನು ಕುರಿತ ನಮ್ಮ ಹಿಂದಿನ ಸಂಚಿಕೆಯ ಲೇಖನಕ್ಕೆ ತಾವು ಎತ್ತಿರುವ ಆಕ್ಷೇಪ ಇದು: ಗೆಳೆಯ ಗೆಳೆಯನಿಗೆ ಬರೆದ ಕಾಗದದಲ್ಲಿ ಕವಾಯತು, ಬಂದೂಕಿನ ತರಬೇತಿ, ದಂಡಿನ ಬದುಕು ಧಾರಾಳವಾಗಿ ಬರಬೇಕಿತ್ತು; ಅಲ್ಲಿ ಚಳಿ, ಕುದುರೆ, ಊಟಗಳ ಮಾತೇ ಏಕೆ ತುಂಬಿದೆ?

ಅವು ಇಬ್ಬರ ನಡುವಿನ ಕಾಗದಗಳಾಗಿರಲಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಅಕ್ಷರ ಬಾರದ ಸಿಪಾಯಿ ಹೇಳಿದ್ದನ್ನು ಪಲ್ಟನ್ನಿನ ಮತ್ತೊಬ್ಬ ಬರೆಯುತ್ತಿದ್ದ. ರೆಜಿಮೆಂಟಿನಲ್ಲಿ ಒಮ್ಮೆ ತಪಾಸಣೆಯಾದ ಮೇಲೆ, ಬೊಲೋನ್ ಬಂದರಿನಲ್ಲಿ ಇ. ಬಿ. ಹೋವೆಲ್ ಎಂಬ ಐ.ಸಿ.ಎಸ್. (ಬ್ರಿಟಿಷರ ಕಾಲದ ಭಾರತೀಯ ಆಡಳಿತ ಸೇವೆ) ಅಧಿಕಾರಿಯ ಕಚೇರಿ ಅದನ್ನು ಮತ್ತೆ ಬಿಡಿಸಿ ನೋಡಿ, ಬೇಕೆನಿಸಿದ ಭಾಗವನ್ನು ಇಂಗ್ಲಿಷಿಗೆ ಅನುವಾದಿಸಿ ವರದಿಗೆ ಸೇರಿಸುತ್ತಿತ್ತು. ಇಷ್ಟು ಕಣ್ಣುಗಳಿವೆಯೆಂದು ತಿಳಿದವನು ನೇರವಾಗಿ ಬರೆಯುವುದುಂಟೇ? ಊರಿಂದ ಬಂದ ಕರಿಮೆಣಸು ತೀರಿತು, ಈಗ ಕೆಂಪು ಮೆಣಸನ್ನು ಬಳಸುತ್ತಿದ್ದಾರೆ, ಆದರೂ ಆಗಾಗ ಕರಿಯದೂ ಉಪಯೋಗಕ್ಕೆ ಬರುತ್ತದೆ ಎಂಬ ಅರ್ಥದ ಒಂದು ಕಾಗದವಿದೆ. ಕರಿಯದು ನಮ್ಮವರು, ಕೆಂಪಿನದು ಬಿಳಿಯ ಸೈನಿಕರು. ತಪಾಸಣೆಯವರಿಗೆ ಗುಟ್ಟು ತಿಳಿಯಿತು. ಅವರು ಅದನ್ನು ವರದಿಯಲ್ಲಿ ಬರೆದಿಟ್ಟದ್ದರಿಂದಲೇ ಇಂದು ನಮಗೂ ತಿಳಿದಿದೆ. ಹಾಗೆಂದು ಮೆಣಸು ಕಂಡಲ್ಲೆಲ್ಲ ಗೂಢಾರ್ಥ ಹುಡುಕುವಂತಿಲ್ಲ. ಸಪ್ಪೆ ಸಾರು ಉಂಡು ಬೇಸತ್ತವನು ನಿಜವಾದ ಮೆಣಸಿನಕಾಯನ್ನೇ ಕೇಳಿರಬಹುದು.

ಇನ್ನು ತರಬೇತಿಯ ಮಾತು. 1914ರ ಸೆಪ್ಟೆಂಬರಿನಲ್ಲಿ ಮಾರ್ಸೇಲ್ಸ್‌ನಲ್ಲಿ ಇಳಿದವರ ಕೈಗೆ ಹೊಸ ಮಾದರಿಯ ಬಂದೂಕು ಬಂದದ್ದು ಅಲ್ಲಿಯೇ. ಜಾಮಿನ ಖಾಲಿ ಡಬ್ಬಿಗೆ ಸಿಡಿಮದ್ದು ತುಂಬಿ ಬಾಂಬು ಮಾಡುವುದನ್ನು ಕಲಿತದ್ದು ಕಂದಕದ ಬದುಕಿನ ನಡುವೆ. ಕಲಿಕೆಯೂ ಕಾಳಗವೂ ಒಂದರೊಳಗೊಂದು ಬೆರೆತುಹೋಗಿದ್ದರಿಂದ, ತರಬೇತಿಯನ್ನು ಬೇರೆಯಾಗಿ ವರ್ಣಿಸುವ ಸಂದರ್ಭವೇ ಅವರಿಗೆ ಕಡಿಮೆಯಿತ್ತು. 1915ರ ಕೊನೆಗೆ ಕಾಲಾಳುಗಳ ದಳಗಳು ಮೆಸೊಪೊಟೇಮಿಯಾಕ್ಕೆ ಹೊರಟ ಮೇಲೂ ಫ್ರಾನ್ಸಿನಲ್ಲಿ ಉಳಿದ ರಾವುತರು ಬಹುಕಾಲ ಕಾಯುತ್ತಲೇ ಇದ್ದರು. ಕುದುರೆಗಳ ಮೈ ಉಜ್ಜುವುದು, ಮೇವು ಹಾಕುವುದು, ಲಾಳ ನೋಡುವುದು, ಇವೇ ಅವರ ದಿನಚರಿ. ತಾವು ಹರಟೆಯೆಂದು ಬದಿಗಿಟ್ಟ ಕುದುರೆಯ ಮಾತೇ ಅವರ ಮಟ್ಟಿಗೆ ದಂಡಿನ ಬದುಕಿನ ವರ್ಣನೆ.

ಮೈಸೂರು ಸಂಸ್ಥಾನದ ಕುದುರೆ ದಳವಾದ ಮೈಸೂರು ಲ್ಯಾನ್ಸರ್ಸ್ ಪಡೆಯವರ ಒಂದು ಕಾಗದವೂ ಇಲ್ಲವೆಂದು ಬೇಸರಿಸಿದ್ದೀರಿ. ಬೊಲೋನಿನ ವರದಿಗಳು ಫ್ರಾನ್ಸಿನಲ್ಲಿದ್ದ ಪಡೆಗಳಿಗೆ ಸಂಬಂಧಿಸಿದವು. ನಮ್ಮವರು ಇದ್ದದ್ದು ಸೂಯೆಜ್ ಮತ್ತು ಪ್ಯಾಲೆಸ್ಟೈನ್ ಕಡೆ, 1918ರ ಸೆಪ್ಟೆಂಬರ್ 23ರಂದು ಹೈಫಾ ಬಂದರು ಪಟ್ಟಣವನ್ನು ಹಿಡಿದವರಲ್ಲಿ.

ಒಂದು ತಪ್ಪು ಮಾತ್ರ ನಮ್ಮದೇ. ಲೇಖನದಲ್ಲಿ ಉದ್ಧರಣ ಚಿಹ್ನೆಯೊಳಗೆ ಅಚ್ಚಾದ ಸಾಲುಗಳು ಆ ಇಂಗ್ಲಿಷ್ ವರದಿಯಿಂದ ಕನ್ನಡಕ್ಕೆ ತಂದವು, ಸಿಪಾಯಿಯ ಸ್ವಂತ ನುಡಿಯಲ್ಲ. ಅದನ್ನು ನಾವು ಅಲ್ಲಿಯೇ ತಿಳಿಸಬೇಕಾಗಿತ್ತು.

– ಸಂಪಾದಕ