ನಮ್ಮೂರ ಅಲಾಯಿ ದೇವರ ಮೇಲೆ ಪಿಎಚ್‌ಡಿ ಮಾಡಬಹುದೇ?

ಪ್ರಶ್ನೆ: ಸಮಾಜಶಾಸ್ತ್ರ ಎಂ.ಎ. ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ರಾಯಚೂರು ಜಿಲ್ಲೆಯ ನಮ್ಮೂರಲ್ಲಿ ಒಂದೂ ಮುಸ್ಲಿಂ ಮನೆಯಿಲ್ಲ. ಆದರೂ ಪ್ರತಿ ಮೊಹರಂಗೆ ಅಲಾಯಿ ದೇವರು (ಹಸ್ತದ ಆಕಾರದ ಲೋಹದ ಪಂಜಾಗಳು) ಕೂಡುತ್ತವೆ, ನಮ್ಮಪ್ಪನೂ ಹರಕೆ ಹೊತ್ತು ಫಕೀರನಾಗುತ್ತಾನೆ. ಧರ್ಮ ಮತ್ತು ಸಮಾಜದ ಬಗ್ಗೆ ಪಿಎಚ್‌ಡಿ ಮಾಡುವಾಸೆ. ಯಾವ ವಿಭಾಗಕ್ಕೆ ಹೋಗಲಿ? ನಮ್ಮ ಮನೆಯದೇ ಆಚರಣೆ ಎಂದರೆ ಒಪ್ಪುತ್ತಾರೆಯೇ?

ಉತ್ತರ: ಖಂಡಿತ ಒಪ್ಪುತ್ತಾರೆ. ಆದರೆ ‘ನಮ್ಮೂರ ಮೊಹರಂ: ಒಂದು ಅಧ್ಯಯನ’ ಎಂದು ಬರೆದುಕೊಂಡು ಹೋಗಬೇಡಿ, ಅದರಲ್ಲಿ ಪ್ರಶ್ನೆಯೇ ಇಲ್ಲ. ಇದು ಸೌಹಾರ್ದದ ಹಬ್ಬ ಎಂದು ಮೊದಲ ಪುಟದಲ್ಲೇ ತೀರ್ಪು ಕೊಟ್ಟರೆ ಮುಂದೆ ಹುಡುಕಲು ಏನೂ ಉಳಿಯದು. ಪಂಜಾ ಹೊರುವ ಹಕ್ಕು ಯಾವ ಮನೆತನದ್ದು? ಬೆಂಕಿ ಹಾಕುವ ಅಲಾಯಿ ಕುಣಿ ತೋಡುವವರು ಯಾರು, ಕಟ್ಟಿಗೆ ಕೊಡುವವರು ಯಾರು? ದಲಿತರ ಕೇರಿಯ ಮುಂದೆ ದೇವರು ನಿಲ್ಲುತ್ತವೆಯೋ, ಹಾಗೇ ಹಾದುಹೋಗುತ್ತವೆಯೋ? ದೇವರಿಗೆ ಸಕ್ಕರೆ ಓದಿಸಲು (ನೈವೇದ್ಯ ಮಾಡಿಸಲು) ಬರುವ ಹೆಂಗಸರು ಎಲ್ಲಿ ನಿಲ್ಲಬೇಕು? ಮುಸ್ಲಿಂ ಮನೆಗಳು ಊರು ಬಿಟ್ಟು ಹೋದವೋ, ಮೊದಲಿನಿಂದಲೂ ಇರಲಿಲ್ಲವೋ? ಇವುಗಳಲ್ಲಿ ಒಂದನ್ನು ಹಿಡಿದರೂ ಐದು ವರ್ಷದ ಕೆಲಸವಿದೆ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ದಾರಿಯನ್ನೇ ನೋಡಿ. ಮುಂಬೈಯಲ್ಲಿ ಜಿ.ಎಸ್. ಘುರ್ಯೆ ಅವರ ಬಳಿ ಕೊಡವರ ಬಗ್ಗೆ ಅಪಾರ ಮಾಹಿತಿ ಕೂಡಿಸಿ ದೊಡ್ಡ ಪ್ರಬಂಧ ಬರೆದರು. ಆಮೇಲೆ ಆಕ್ಸ್‌ಫರ್ಡ್‌ಗೆ ಹೋದಾಗ ಮಾನವಶಾಸ್ತ್ರಜ್ಞ ರ್‍ಯಾಡ್‌ಕ್ಲಿಫ್-ಬ್ರೌನ್ ಅವರ ಮಾರ್ಗದರ್ಶನದಲ್ಲಿ ಅದೇ ಮಾಹಿತಿಗೆ ಬೇರೆ ಪ್ರಶ್ನೆ ಹಾಕಿದರು: ಈ ಆಚರಣೆಗಳು ಕುಟುಂಬವನ್ನು, ಊರನ್ನು, ನಾಡನ್ನು ಹೇಗೆ ಹಿಡಿದಿಟ್ಟಿವೆ? ಅದು 1952ರಲ್ಲಿ ‘ರಿಲಿಜನ್ ಅಂಡ್ ಸೊಸೈಟಿ ಅಮಾಂಗ್ ದ ಕೂರ್ಗ್ಸ್ ಆಫ್ ಸೌತ್ ಇಂಡಿಯಾ’ ಎಂಬ ಪುಸ್ತಕವಾಗಿ ಬಂತು. ‘ಸಂಸ್ಕೃತೀಕರಣ’ (ಕೆಳಜಾತಿಗಳು ಮೇಲ್ಜಾತಿಗಳ ಆಚಾರಗಳನ್ನು ಅನುಸರಿಸಿ ಮೇಲೇರಲು ನೋಡುವುದು) ಎಂಬ ಪರಿಕಲ್ಪನೆ ಎಲ್ಲೆಡೆ ಹಬ್ಬಿದ್ದು ಆ ಪುಸ್ತಕದಿಂದಲೇ. ನೀವು ಎಂ.ಎ.ಯಲ್ಲಿ ಓದಿಯೇ ಇರುತ್ತೀರಿ, ಈಗ ಕಲಿಯುವವರ ಕಣ್ಣಿನಿಂದ ಮತ್ತೊಮ್ಮೆ ಓದಿ.

ಇನ್ನು ಮನೆಯವರೇ ಆಗಿರುವ ವಿಚಾರ. ಬಾಗಿಲು ಬೇಗ ತೆರೆಯುತ್ತದೆ, ನಿಜ. ಆದರೆ ಫಕೀರನ ಮಗನ ಮುಂದೆ ಜಗಳ, ಬೇಸರ, ಹಳೆಯ ಅವಮಾನಗಳನ್ನು ಜನ ಬಿಚ್ಚಿಡುವುದಿಲ್ಲ. “ನಿನಗ ಗೊತ್ತಿಲ್ಲೇನಪಾ” ಎಂದು ಮಾತು ಮುಗಿಸಿಬಿಡುತ್ತಾರೆ. ಅದಕ್ಕೇ ನನ್ನ ಸಲಹೆ, ಇನ್ನೊಂದು ಊರನ್ನೂ ಸೇರಿಸಿಕೊಳ್ಳಿ. ಮುಸ್ಲಿಮರು ಹೆಚ್ಚಿರುವ, ಮೊಹರಂಗೆ ಹೆಸರಾದ ಮುದಗಲ್ ನಿಮ್ಮ ಜಿಲ್ಲೆಯಲ್ಲೇ ಇದೆ. ಅಲ್ಲಿ ನೀವು ಹೊರಗಿನವರು, ಹಾಗಾಗಿ ಎಲ್ಲವನ್ನೂ ಕೇಳಲೇಬೇಕಾಗುತ್ತದೆ. ಅಲ್ಲಿ ಕೇಳಿ ಕಲಿತದ್ದನ್ನು ನಿಮ್ಮೂರಿಗೆ ಬಂದು ಕೇಳಿ. ರಿವಾಯತ್ ಪದಗಳನ್ನು (ಮೊಹರಂ ಹಾಡುಗಳನ್ನು) ಹಾಡುವ ಹಿರಿಯರು ಇರುವಾಗಲೇ ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಳ್ಳಿ. ಇದನ್ನು ಮುಂದಕ್ಕೆ ಹಾಕಲೇಬೇಡಿ. ಉರ್ದು ಅಕ್ಷರ ಕಲಿಯಲು ಇಂದೇ ಶುರು ಮಾಡಿ, ಹಳೆಯ ದಾಖಲೆಗಳಿಗೆ ಬೇಕಾಗುತ್ತದೆ.

ವಿಭಾಗದ ಬಗ್ಗೆ: ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ-ನೆಟ್‌ನಲ್ಲಿ ಧರ್ಮಗಳ ತೌಲನಿಕ ಅಧ್ಯಯನ ಪ್ರತ್ಯೇಕ ವಿಷಯವಾಗಿಯೇ ಇದೆ, ಪಟಿಯಾಲಾದ ಪಂಜಾಬಿ ವಿಶ್ವವಿದ್ಯಾಲಯದಂಥ ಕಡೆ ಧರ್ಮ ಅಧ್ಯಯನದ ವಿಭಾಗವೂ ಇದೆ. ಆದರೂ ನೀವು ಸಮಾಜಶಾಸ್ತ್ರ ಬಿಡಬೇಡಿ. ನಮ್ಮ ಡಿಗ್ರಿ ಕಾಲೇಜುಗಳಲ್ಲಿ ಹುದ್ದೆ ಇರುವುದು ಅದಕ್ಕೇ. 2024ರ ಜೂನ್‌ನಿಂದ ನೆಟ್ ಅಂಕಗಳ ಮೇಲೂ ಪಿಎಚ್‌ಡಿ ಪ್ರವೇಶ ಸಿಗುತ್ತದೆ. ಅದೇ ಪರೀಕ್ಷೆಯಿಂದ ಸಿಗುವ ಸಂಶೋಧನಾ ವೇತನ ಜೆಆರ್‌ಎಫ್ ಸಿಗದಿದ್ದರೆ ಆ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ, ಮತ್ತು ಅಂಕ ಒಂದೇ ವರ್ಷ ಚಾಲ್ತಿಯಲ್ಲಿರುತ್ತದೆ. ಜೆಆರ್‌ಎಫ್‌ಗೇ ಗುರಿಯಿಡಿ: 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಕ್ಷೇತ್ರಕಾರ್ಯಕ್ಕೆ ಮನೆಯ ಮುಂದೆ ಕೈಚಾಚಬೇಕಾಗುವುದಿಲ್ಲ. ಎಂ.ಎ.ಯಲ್ಲಿ ಶೇ. 55 ಇರಲೇಬೇಕು, ಮೀಸಲಾತಿ ಇದ್ದರೆ ಶೇ. 5 ವಿನಾಯಿತಿ.

ವಿಶ್ವವಿದ್ಯಾಲಯದ ಹೆಸರಿಗಿಂತ ಗೈಡ್ ಮುಖ್ಯ. ಅವರು ಬರೆದದ್ದನ್ನು ಓದಿ, ಅವರ ಬಳಿ ಈಗ ಕೆಲಸ ಮಾಡುತ್ತಿರುವ ಇಬ್ಬರನ್ನು ಮಾತಾಡಿಸಿ. ಹಳ್ಳಿಯಲ್ಲಿ ಕೂತು ಕೆಲಸ ಮಾಡಿದವರಾದರೆ ಒಳ್ಳೆಯದು. ಈ ಸಲದ ಮೊಹರಂ ಮುಗಿದ ವಾರದಲ್ಲೇ ಎರಡು ಪುಟದ ಟಿಪ್ಪಣಿ ಬರೆದು ಅವರಿಗೆ ಕಳಿಸಿ. ಅಪ್ಪನಿಗೂ ಅದನ್ನು ಓದಿ ಹೇಳಿ, ಅವರು ಎಲ್ಲಿ ತಿದ್ದುತ್ತಾರೋ ಅದನ್ನು ಗುರುತು ಹಾಕಿಕೊಳ್ಳಿ.