ಅಮ್ಮನ ಮಂಡಿಗೆ ‘ಗೋಲ್ಡ್’ ಇಂಪ್ಲಾಂಟ್ ಬೇಕೇ, ಸಾದಾ ಸಾಕೇ?

ನಿಮ್ಮ ಪ್ರಶ್ನೆ ಇಷ್ಟು: ಮುಂಬೈನ ಘಾಟ್ಕೋಪರ್‌ನಲ್ಲಿರುವ ಅಮ್ಮನಿಗೆ 66 ವರ್ಷ, ಎರಡೂ ಮಂಡಿ ಸವೆದಿವೆ, ಬದಲಿಸಿ ಕೃತಕ ಮಂಡಿ (ಇಂಪ್ಲಾಂಟ್) ಹಾಕಿಸಬೇಕು. ಒಬ್ಬ ಡಾಕ್ಟರು ‘ಗೋಲ್ಡ್ ಹೈ-ಫ್ಲೆಕ್ಸ್’ ಹಾಕಿಸಿದರೆ 30 ವರ್ಷ ಚಿಂತೆಯಿಲ್ಲ ಎಂದಿದ್ದಾರೆ, ಇನ್ನೊಬ್ಬರು ಸಾದಾ ಕೋಬಾಲ್ಟ್-ಕ್ರೋಮ್ ಲೋಹದ್ದು ಸಾಕು ಎಂದಿದ್ದಾರೆ. ಯಾರ ಮಾತು ಕೇಳಬೇಕು?

ನಾನು ಡೊಂಬಿವಲಿ, ಠಾಣೆ ಕಡೆ ಮನೆಗಳಿಗೆ ಹೋಗಿ ಫಿಸಿಯೋಥೆರಪಿ ಮಾಡಿಸುವವಳು. ಆಪರೇಷನ್ ಮಾಡುವವಳಲ್ಲ, ಆದಮೇಲೆ ಆ ಕಾಲನ್ನು ಕೈಯಲ್ಲಿ ಹಿಡಿದು ಮಡಚಿಸಿ, ನೇರ ಮಾಡಿಸಿ, ನಡೆಸುವವಳು. ನನ್ನ ಉತ್ತರ: ಅಮ್ಮನಿಗೆ ಲೋಹದ ಅಲರ್ಜಿ ಇಲ್ಲದಿದ್ದರೆ ಸಾದಾ ಸಾಕು. ಗೋಲ್ಡ್‌ಗಾಗಿ ಒಡವೆ ಅಡವಿಡಬೇಡಿ.

ಗೋಲ್ಡ್ ಅಂದರೆ ಚಿನ್ನವಲ್ಲ. ಲೋಹದ ಮೇಲೆ ಟೈಟಾನಿಯಂ ನೈಟ್ರೈಡ್ ಅಥವಾ ಅಂಥದ್ದೇ ತೆಳು ಲೇಪ, ಅದಕ್ಕೆ ಹಳದಿ ಹೊಳಪು. ಕೋಬಾಲ್ಟ್-ಕ್ರೋಮ್‌ನಲ್ಲಿ ಸ್ವಲ್ಪ ನಿಕ್ಕಲ್ ಇರುತ್ತದೆ. ಅಮ್ಮನಿಗೆ ನಕಲಿ ಒಡವೆ, ವಾಚಿನ ಪಟ್ಟಿ ತಾಗಿ ಚರ್ಮ ಕೆಂಪಾಗಿ ತುರಿಸಿದ್ದುಂಟೆ? ಇದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ, ಆಗ ಲೇಪದ್ದನ್ನು ಕೇಳಲು ಕಾರಣವಿದೆ. ಹೆಚ್ಚು ವರ್ಷ ಬಾಳುತ್ತದೆ ಎಂಬುದಕ್ಕಾಗಿ ದುಡ್ಡು ಸುರಿಯಲು ಕಾರಣವಿಲ್ಲ. 2019ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ದೊಡ್ಡ ವಿಶ್ಲೇಷಣೆಯ ಪ್ರಕಾರ ಪೂರ್ತಿ ಬದಲಿಸಿದ ಮಂಡಿಗಳಲ್ಲಿ 100ಕ್ಕೆ ಸುಮಾರು 82 ಇಪ್ಪತ್ತೈದು ವರ್ಷ ಬಾಳಿವೆ. ಅವು ಇಪ್ಪತ್ತೈದು ವರ್ಷ ಹಿಂದಿನ ಮಂಡಿಗಳು ಎಂಬುದನ್ನು ನೆನಪಿಡಿ.

ಮೂಲ ಆಕಾರ ಅದಕ್ಕೂ ಹಳೆಯದು. ಪ್ರಧಾನಿಯಾಗಿದ್ದಾಗ ವಾಜಪೇಯಿಯವರ ಎಡ ಮಂಡಿ 2000ದಲ್ಲಿ, ಬಲ ಮಂಡಿ 2001ರಲ್ಲಿ ಇಲ್ಲಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲೇ ಬದಲಾದವು. ಮಾಡಿದವರು ಚಿತ್ತರಂಜನ್ ರಾಣಾವತ್. 1974ರ ‘ಟೋಟಲ್ ಕಾಂಡೈಲರ್’ ಮಂಡಿಯನ್ನು ನ್ಯೂಯಾರ್ಕಿನಲ್ಲಿ ರೂಪಿಸಿದ ತಂಡದಲ್ಲಿ ಅವರೂ ಇದ್ದರು. ಇಂದಿನ ಬಹುಪಾಲು ಮಂಡಿಗಳು ಅದೇ ವಂಶದವು.

ಇನ್ನು ಹೈ-ಫ್ಲೆಕ್ಸ್, ಅಂದರೆ ಮಂಡಿ ಹೆಚ್ಚು ಮಡಚಲೆಂದು ಮಾಡಿದ ವಿನ್ಯಾಸ. ನಮ್ಮ ಅಮ್ಮಂದಿರಿಗೆ ಈ ಮಾತು ತಟ್ಟುವುದು ಸಹಜ. ಪೂಜೆಗೆ ನೆಲದ ಮೇಲೆ ಕೂರಬೇಕು, ಊರಿಗೆ ಹೋದರೆ ಕುಕ್ಕರಗಾಲಲ್ಲಿ ಕೂರುವ ಸಂಡಾಸು. ಆದರೆ ಕೊರಿಯಾದಲ್ಲಿ, ಅವರೂ ನೆಲದ ಮೇಲೆ ಕೂರುವ ಜನವೇ, ಒಬ್ಬರದೇ ಒಂದು ಕಾಲಿಗೆ ಸಾದಾ, ಇನ್ನೊಂದಕ್ಕೆ ಹೈ-ಫ್ಲೆಕ್ಸ್ ಹಾಕಿ ಹೋಲಿಸಿದರು. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಸಮ ಮಡಚಿದವು. ಆಪರೇಷನ್‌ಗೆ ಮೊದಲು ಮಂಡಿ ಎಷ್ಟು ಮಡಚುತ್ತಿತ್ತು ಎಂಬುದೇ ಮುಂದೆ ಎಷ್ಟು ಮಡಚುತ್ತದೆ ಎಂಬುದರ ದೊಡ್ಡ ಸೂಚನೆ. ನಾನು ಕಾಣುವುದೂ ಅದನ್ನೇ: 80 ಡಿಗ್ರಿಗೆ ಬಿಗಿದುಕೊಂಡ ಕಾಲು ಯಾವ ಹೆಸರಿನ ಇಂಪ್ಲಾಂಟ್ ಹಾಕಿದರೂ 140ಕ್ಕೆ ಹೋಗುವುದಿಲ್ಲ. ಹೆಚ್ಚಿನವರು 110–120ರ ಆಸುಪಾಸಿಗೆ ಬರುತ್ತಾರೆ. ಕುರ್ಚಿಯಿಂದ ಏಳಲು, ಸ್ಟೇಷನ್ನಿನ ಮೆಟ್ಟಿಲು ಹತ್ತಿಳಿಯಲು ಅದು ಧಾರಾಳ.

ಡಾಕ್ಟರು ಸಿಆರ್, ಪಿಎಸ್ ಎಂಬ ಎರಡು ವಿನ್ಯಾಸಗಳ ಹೆಸರನ್ನೂ ಹೇಳಬಹುದು. ಹಿಂಬದಿಯ ಕ್ರೂಸಿಯೇಟ್ ಲಿಗಮೆಂಟನ್ನು, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಪಟ್ಟಿಯನ್ನು, ಉಳಿಸಿಕೊಳ್ಳುವ ವಿನ್ಯಾಸ ಸಿಆರ್. ಅದನ್ನು ತೆಗೆದು, ಇಂಪ್ಲಾಂಟ್‌ನ ಲೋಹದ ಭಾಗಗಳ ಮಧ್ಯೆ ಇರುವ ಪ್ಲಾಸ್ಟಿಕ್ಕಿನ ನಡುವೆ ಒಂದು ಗೂಟವಿಟ್ಟು ಅದರ ಕೆಲಸ ಮಾಡಿಸುವುದು ಪಿಎಸ್. ಪಿಎಸ್ ಕೆಲವು ಡಿಗ್ರಿ ಹೆಚ್ಚು ಮಡಚಬಹುದು, ನೋವಿನಲ್ಲಿ, ನಡಿಗೆಯಲ್ಲಿ ರೋಗಿಗೆ ಗೊತ್ತಾಗುವಷ್ಟು ಅಂತರವಿಲ್ಲ. ಸರ್ಜನ್ನಿನ ಕೈಗೆ ಯಾವುದು ಪಳಗಿದೆಯೋ ಅದೇ ಇರಲಿ. ಒಳಗಿನ ಪ್ಲಾಸ್ಟಿಕ್ ತಿರುಗುವ ಮೊಬೈಲ್ ಬೇರಿಂಗ್‌ನದೂ ಇದೇ ಕಥೆ, ಹೆಚ್ಚು ಕೊಟ್ಟದ್ದಕ್ಕೆ ತಕ್ಕ ಲಾಭ ಅಧ್ಯಯನಗಳಲ್ಲಿ ಕಂಡಿಲ್ಲ.

ನೀವು ಕೇಳಲೇಬೇಕಾದ ವಿನ್ಯಾಸದ ಪ್ರಶ್ನೆಗಳು ಬೇರೆ ಇವೆ. ಪ್ಲಾಸ್ಟಿಕ್ ಕ್ರಾಸ್-ಲಿಂಕ್ಡ್ ಪಾಲಿಎಥಿಲೀನೇ, ಅಂದರೆ ಬೇಗ ಸವೆಯದಂತೆ ಗಟ್ಟಿಗೊಳಿಸಿದ್ದೇ? ಮಂಡಿ ಬದಲಿಸಿದವರ ಲೆಕ್ಕ ಇಡುವ ಆಸ್ಟ್ರೇಲಿಯಾದ ರಿಜಿಸ್ಟ್ರಿಯಲ್ಲಿ ಅದನ್ನು ಹಾಕಿದವರಿಗೆ ಮರು ಆಪರೇಷನ್ ಕಡಿಮೆ ಬಂದಿದೆ. ಸವೆತ ಮಂಡಿಯ ಒಳಬದಿಗೆ ಮಾತ್ರ ಇದೆಯೇ? ಹಾಗಿದ್ದರೆ ಅರ್ಧ ಮಂಡಿ ಬದಲಿಸಿದರೆ ಸಾಕಾದೀತೇ ಎಂದು ಕೇಳಿ. ಬೇಗ ಚೇತರಿಸಿಕೊಳ್ಳುತ್ತಾರೆ, ಆದರೆ ಬಾಳಿಕೆ ಕಡಿಮೆ: ಅದೇ ಲ್ಯಾನ್ಸೆಟ್ ವಿಶ್ಲೇಷಣೆಯಲ್ಲಿ 25 ವರ್ಷಕ್ಕೆ 100ರಲ್ಲಿ 70 ಮಾತ್ರ. ಇದಕ್ಕೆ ಸೊಟ್ಟಗಾಗದ ಕಾಲು, ಗಟ್ಟಿಯಾದ ಲಿಗಮೆಂಟ್ ಎರಡೂ ಬೇಕು.

ದುಡ್ಡಿನ ಮಾತು. 2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಇಂಪ್ಲಾಂಟ್‌ಗಳಿಗೆ ಗರಿಷ್ಠ ದರ ಕಟ್ಟಿತು: ಕೋಬಾಲ್ಟ್-ಕ್ರೋಮ್‌ಗೆ 54,720 ರೂಪಾಯಿ, ಹೈ-ಫ್ಲೆಕ್ಸ್‌ಗೆ 56,490, ಟೈಟಾನಿಯಂ ಮತ್ತು ಆಕ್ಸಿಡೈಸ್ಡ್ ಜಿರ್ಕೋನಿಯಂ ಎಂಬ ವಿಶೇಷ ಲೋಹಗಳಿಗೆ 76,600, ಮೇಲೆ ಜಿಎಸ್‌ಟಿ. ಅವು ಆಗಿನ ದರಗಳು, ಈಗಿನದನ್ನು ಪ್ರಾಧಿಕಾರದ ಜಾಲತಾಣದಲ್ಲಿ ನೋಡಿ. ಸಾದಾಕ್ಕೂ ಹೈ-ಫ್ಲೆಕ್ಸ್‌ಗೂ ನಡುವೆ ಎರಡು ಸಾವಿರವೂ ಇರಲಿಲ್ಲ ಎಂಬುದನ್ನು ಗಮನಿಸಿ. ಆಸ್ಪತ್ರೆಯವರು ಲಕ್ಷದ ಅಂತರ ಹೇಳಿದರೆ ಅದು ಯಾವುದರ ಬಾಬ್ತು ಎಂದು ಬರೆದು ಕೊಡಲು ಹೇಳಿ. ಬಿಲ್ಲಿನಲ್ಲಿ ಕಂಪನಿ, ಮಾಡೆಲ್, ಬ್ಯಾಚ್ ನಂಬರು ಇರಲಿ, ಇಂಪ್ಲಾಂಟ್ ಪೆಟ್ಟಿಗೆಯ ಸ್ಟಿಕ್ಕರು ಡಿಸ್ಚಾರ್ಜ್ ಫೈಲಿಗೆ ಅಂಟಿರಲಿ. ಮುಂದೊಂದು ದಿನ ಪ್ಲಾಸ್ಟಿಕ್ ಮಾತ್ರ ಬದಲಿಸಬೇಕಾಗಿ ಬಂದರೆ ಆ ಚೀಟಿಯೇ ಆಧಾರ.

ಚೆನ್ನಾಗಿ ಮಾಡಿದ ಆಪರೇಷನ್ ನಂತರವೂ ಐವರಲ್ಲಿ ಒಬ್ಬರಿಗೆ ಪೂರ್ತಿ ಸಮಾಧಾನ ಇರುವುದಿಲ್ಲ. ಇದನ್ನು ಅಮ್ಮನಿಗೆ ಮೊದಲೇ ಹೇಳಿ. ಮೊದಲ ಆರು ವಾರ ನೋವಿಗೆ ಹೆದರಿ ಮಂಡಿಯ ಕೆಳಗೆ ದಿಂಬಿಟ್ಟುಕೊಂಡು ಮಲಗಿದವರ ಕಾಲು ನೇರವಾಗದೆ ಉಳಿದು, ಕುಂಟುತ್ತಾ ನಡೆಯುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಬೇಕಾದರೆ ದಿಂಬು ಹಿಮ್ಮಡಿಯ ಕೆಳಗಿರಲಿ. ತೊಡೆ ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ಆಪರೇಷನ್ನಿಗೆ ತಿಂಗಳ ಮೊದಲೇ ಶುರುಮಾಡಿಸಿ. ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ಅದನ್ನೂ ಅಷ್ಟರೊಳಗೆ ಹಾಕಿಸಿಬಿಡಿ.