ಮೇಷ್ಟ್ರು, ರಾಣಿ ಮತ್ತು ಒಂದು ಸಹಿ

ಸಾಕಿದ ನಾಯಿಯ ಚಿಂತೆಗೆ ಆಪ್ತಸಲಹೆ ಕೇಳುವವರೂ ಇದ್ದಾರೆಯೇ ಎಂದು ನಗುವವರಿದ್ದಾರೆ. ಇದ್ದಾರೆ, ಅವರ ಸಂಖ್ಯೆ ಹೆಚ್ಚುತ್ತಲೂ ಇದೆ. ಆದರೆ ಯಾರೂ ಬಂದ ಕೂಡಲೇ ನಾಯಿಯ ಮಾತೆತ್ತುವುದಿಲ್ಲ. ನಿದ್ದೆ ಬರುತ್ತಿಲ್ಲ, ಎದೆ ಹೊಡೆದುಕೊಳ್ಳುತ್ತದೆ, ಮಕ್ಕಳ ಮೇಲೆ ರೇಗುತ್ತೇನೆ ಎನ್ನುತ್ತಾರೆ. ಅರ್ಧ ಗಂಟೆ ಕಳೆದ ಮೇಲೆ, ಸ್ವಲ್ಪ ನಾಚಿಕೊಂಡು, ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕು, ಧೈರ್ಯ ಸಾಲುತ್ತಿಲ್ಲ ಎನ್ನುತ್ತಾರೆ. ಇಲ್ಲಿ ಹೇಳುತ್ತಿರುವವರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಮಲೆನಾಡಿನ ಒಂದು ಪಟ್ಟಣ, ನಿವೃತ್ತ ಗಣಿತದ ಮೇಷ್ಟ್ರು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿದೆ. ಆ ವರ್ಷವೇ ಬೆಂಗಳೂರಿನ ಮಗಳು ಒಂದು ಲ್ಯಾಬ್ರಡಾರ್ ಮರಿ ತಂದುಕೊಟ್ಟಳು. ಅದೇ ರಾಣಿ. ಪ್ರತಿ ಸಲ ಬೆದೆಗೆ ಬಂದಾಗಲೂ ಗೇಟಿನ ಹೊರಗೆ ಬೀದಿನಾಯಿಗಳ ಜಾತ್ರೆ ನೆರೆಯುತ್ತದೆ. ಪಶುವೈದ್ಯರು ಆಪರೇಷನ್ ಮಾಡಿಸಿ ಎಂದರು. ಮೇಷ್ಟ್ರು ಮೂರು ಸಲ ದಿನ ಗೊತ್ತುಮಾಡಿ ಮೂರು ಸಲವೂ ರದ್ದುಮಾಡಿದ್ದರು. ಮಗಳು ಮಾತು ಬಿಟ್ಟಿದ್ದಳು.

ಅಂಕಿಗಳೆಲ್ಲ ಅವರ ನಾಲಿಗೆಯ ತುದಿಯಲ್ಲಿದ್ದವು. ಬ್ರಿಟನ್ನಿನಲ್ಲಿ ಸುಮಾರು 98 ಸಾವಿರ ನಾಯಿಗಳ ದಾಖಲೆ ನೋಡಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಅರಿವಳಿಕೆ ಕೊಟ್ಟ ಆರೋಗ್ಯವಂತ ನಾಯಿಗಳಲ್ಲಿ ಸತ್ತದ್ದು ಸುಮಾರು 2000ಕ್ಕೆ ಒಂದು. ಮೊದಲೇ ಕಾಯಿಲೆ ಬಿದ್ದಿದ್ದ ನಾಯಿಗಳಲ್ಲಿ 100ಕ್ಕೆ ಒಂದಕ್ಕಿಂತ ಹೆಚ್ಚು. ಮೇಷ್ಟ್ರು ಅದನ್ನು ಒಪ್ಪಿಸಿ, "ಎರಡು ಸಾವಿರದಲ್ಲಿ ಆ ಒಂದು ಯಾರದಾದರೂ ಮನೆಯದಿರಬೇಕಲ್ಲ ಮೇಡಂ" ಎಂದರು.

ಏನೂ ಆಗುವುದಿಲ್ಲ, ಧೈರ್ಯವಾಗಿರಿ ಎನ್ನಬಹುದಿತ್ತು. ನಾನು ಆ ಮಾತನ್ನು ಯಾರಿಗೂ ಹೇಳುವುದಿಲ್ಲ. ಹೇಳಿದವರ ಬಾಯಿಗೆ ಅದು ಸುಲಭ, ಕೇಳಿದವರಿಗೆ ಸಂಜೆಯವರೆಗೂ ಉಳಿಯುವುದಿಲ್ಲ. ಮೇಷ್ಟ್ರಿಗಂತೂ ಅದನ್ನು ಹಿಂದೊಮ್ಮೆ ಆಸ್ಪತ್ರೆಯ ಕಾರಿಡಾರಿನಲ್ಲಿ ಹೇಳಿದವರಿದ್ದರು. ಆ ಸಂಗತಿ ನನಗಿನ್ನೂ ಗೊತ್ತಿರಲಿಲ್ಲ.

ಮುಂದಿನ ಭೇಟಿಯಲ್ಲಿ ಪ್ರಶ್ನೆಯನ್ನು ತಿರುಗಿಸಿದೆ. ಮಾಡಿಸದೆ ಬಿಟ್ಟರೆ ಏನಾಗಬಹುದು?

ಪಾಠ ಹೇಳುವ ಧಾಟಿಯಲ್ಲೇ ಉತ್ತರ ಬಂತು. ಬೆದೆ ಕಳೆದ ಕೆಲವು ವಾರಗಳಲ್ಲಿ ಗರ್ಭಕೋಶಕ್ಕೆ ಸೋಂಕು ತಗುಲಿ ಕೀವು ತುಂಬಬಹುದು. ನಾಯಿ ವಿಪರೀತ ನೀರು ಕುಡಿಯುತ್ತದೆ, ಊಟ ಬಿಡುತ್ತದೆ. ಕೀವು ಹೊರಗೆ ಬಂದರೆ ಗೊತ್ತಾಗುತ್ತದೆ. ಗರ್ಭಕೋಶದ ಬಾಯಿ ಮುಚ್ಚಿದ್ದರೆ ಕಣ್ಣಿಗೆ ಏನೂ ಕಾಣುವುದಿಲ್ಲ, ಅದೇ ಹೆಚ್ಚು ಅಪಾಯ. ಸ್ವೀಡನ್ನಿನ ವಿಮಾ ದಾಖಲೆಗಳ ಪ್ರಕಾರ ಶಸ್ತ್ರಚಿಕಿತ್ಸೆಯಾಗದ ಹೆಣ್ಣು ನಾಯಿಗಳಲ್ಲಿ ಸುಮಾರು ನಾಲ್ಕಕ್ಕೊಂದಕ್ಕೆ ಹತ್ತು ವರ್ಷ ತುಂಬುವುದರೊಳಗೆ ಈ ರೋಗ ಬಂದಿತ್ತು.

"ಹಾಗೇನಾದರೂ ಆದರೆ?"

"ರಾತ್ರೋರಾತ್ರಿ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಬೇಕು."

"ಅದೇ ಆಪರೇಷನ್, ಆದರೆ ಕಾಯಿಲೆ ಬಿದ್ದ ನಾಯಿಗೆ. ನೀವೇ ಹೇಳಿದ ಲೆಕ್ಕದಲ್ಲಿ ಅಪಾಯ ಎಷ್ಟೋ ಪಟ್ಟು ಹೆಚ್ಚು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತೀರಾ?"

"ತಕ್ಷಣ ಹಾಕುತ್ತೇನೆ. ಆಗ ಬೇರೆ ದಾರಿಯೇ ಇರುವುದಿಲ್ಲವಲ್ಲ."

ಜೀವನವಿಡೀ ಸಂಭವನೀಯತೆಯ ಪಾಠ ಮಾಡಿದವರು, ಅಪಾಯ ಹೆಚ್ಚಿರುವ ಕಡೆ ಸಹಿ ಸುಲಭ ಎನ್ನುತ್ತಿದ್ದರು. ಹಾಗಾದರೆ ಭಯ ಅರಿವಳಿಕೆಯದಲ್ಲ. ಯಾವ ಸಹಿ ಕಷ್ಟವಾಗಿತ್ತು ಎಂದು ಕೇಳಿದೆ.

ಆಗ ಹೆಂಡತಿಯ ವಿಷಯ ಬಂತು. ಪಿತ್ತಕೋಶದಲ್ಲಿ ಕಲ್ಲು, ಆಗಾಗ ನೋವು, ತುರ್ತೇನೂ ಇರಲಿಲ್ಲ. ಆಕೆ ದೀಪಾವಳಿ ಕಳೆಯಲಿ ಎಂದಿದ್ದರು. ಇವರು ದಸರಾ ರಜೆಯಲ್ಲೇ ಮುಗಿಸೋಣ ಎಂದು ಒಪ್ಪಿಸಿ ಸಹಿ ಹಾಕಿದರು. ಶಸ್ತ್ರಚಿಕಿತ್ಸೆಯ ನಂತರ ಸೋಂಕು ಏರಿತು, ಆಕೆ ಮನೆಗೆ ಬರಲಿಲ್ಲ. "ಸ್ಟ್ರೆಚರ್ ಮೇಲೆ ಹೋಗಿದ್ದರೆ ಹಣೆಬರಹ ಎನ್ನುತ್ತಿದ್ದೆ ಮೇಡಂ. ಅವಳು ನಡೆದುಕೊಂಡು ಒಳಗೆ ಹೋದಳು. ಚಪ್ಪಲಿ ನನ್ನ ಕೈಯಲ್ಲಿತ್ತು."

ರಾಣಿಯೂ ಬಾಲ ಅಲ್ಲಾಡಿಸುತ್ತ ನಡೆದುಕೊಂಡೇ ಒಳಗೆ ಹೋಗುತ್ತಾಳೆ. ಮೂರು ಸಲವೂ ಅವರು ಹಿಂದೆ ಸರಿದದ್ದು ಅಲ್ಲಿಂದ.

ನಾನು ಒಂದು ಬಿಳಿ ಹಾಳೆ ಕೊಟ್ಟು, ಬೇಡ ಎನ್ನುವುದಕ್ಕೂ ಒಪ್ಪಿಗೆ ಪತ್ರ ಬರೆಯಿರಿ ಎಂದೆ. ಅವರು ದುಂಡಗಿನ ಅಕ್ಷರದಲ್ಲಿ ಬರೆದರು: "ನನ್ನ ನಾಯಿಗೆ ಶಸ್ತ್ರಚಿಕಿತ್ಸೆ ಮಾಡಿಸುವುದಿಲ್ಲ. ಇದರಿಂದ ಗರ್ಭಕೋಶದ ಸೋಂಕು ಬರುವ ಸಾಧ್ಯತೆ ಇದೆ ಎಂದು ತಿಳಿದಿದೆ. ಪ್ರತಿ ಬೆದೆಯ ನಂತರ ಎರಡು ತಿಂಗಳು ಅವಳು ಕುಡಿಯುವ ನೀರು, ತಿನ್ನುವ ಊಟ ಗಮನಿಸುತ್ತೇನೆ. ಗಂಡು ನಾಯಿ ಬಾರದಂತೆ ಕಾಯುತ್ತೇನೆ." ಕೆಳಗೆ ಸಹಿ ಹಾಕಿ ಎಂದೆ. ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು. "ಇದಕ್ಕೂ ಆಗುವುದಿಲ್ಲ" ಎಂದರು, ಸ್ವಲ್ಪ ಸಿಟ್ಟಿನಿಂದಲೇ.

ನನ್ನ ಸಹೋದ್ಯೋಗಿಯೊಬ್ಬರು ಇದು ಕ್ರೌರ್ಯ ಎಂದರು. ಹೆಂಡತಿಯ ಸಾವಿನ ಗಾಯ ಬಿಚ್ಚಿಕೊಂಡು ಕೂತವರ ಕೈಗೆ ಇನ್ನೊಂದು ಪತ್ರ ಕೊಡುವುದೇ? ಮೊದಲು ದುಃಖಕ್ಕೆ ಜಾಗ ಕೊಡಬೇಕಿತ್ತು ಎಂಬುದು ಅವರ ವಾದ. ದುಃಖಕ್ಕೆ ನಾಲ್ಕು ವರ್ಷ ಜಾಗ ಸಿಕ್ಕಿದೆ. ಸಿಗದಿದ್ದದ್ದು, ಸುಮ್ಮನಿರುವುದೂ ತಮ್ಮದೇ ತೀರ್ಮಾನ ಎಂದು ಕಣ್ಣಾರೆ ನೋಡುವ ಅವಕಾಶ. ನಾನು ನಾಯಿಗೆ ಆಪರೇಷನ್ ಮಾಡಿಸಿ ಎನ್ನಲಿಲ್ಲ. ಅದು ನನ್ನ ವಿದ್ಯೆಯಲ್ಲ. ಆಮೇಲೆ ತೂಕ ಏರುವುದುಂಟು, ಕೆಲವು ಹೆಣ್ಣು ನಾಯಿಗಳಿಗೆ ಮೂತ್ರ ಹಿಡಿತಕ್ಕೆ ಸಿಗದಿರುವುದುಂಟು, ದೊಡ್ಡ ತಳಿಗಳಿಗೆ ತೀರ ಎಳೆಯ ವಯಸ್ಸಿನಲ್ಲಿ ಮಾಡಿಸಿದರೆ ಕೀಲುಗಳಿಗೆ ತೊಂದರೆಯಾಗಬಹುದು. ಎಲ್ಲ ತೂಗಿ ನೋಡಿ ಬೇಡ ಎಂದವರನ್ನು ನಾನು ಗೌರವಿಸುತ್ತೇನೆ. ಒಂದು ಸಲವಾದರೂ ಮರಿ ಹಾಕಲಿ, ಆರೋಗ್ಯಕ್ಕೆ ಒಳ್ಳೆಯದು ಎಂಬ ನೆರೆಹೊರೆಯವರ ಮಾತಿಗೆ ಮಾತ್ರ ವೈದ್ಯಕೀಯ ಆಧಾರವಿಲ್ಲ.

ಮೇಷ್ಟ್ರಿಗೆ ಕೊಟ್ಟ ಸಲಹೆ ಇಷ್ಟು. ಆಪರೇಷನ್ನಿಗೆ ದಿನ ಗೊತ್ತುಮಾಡಬೇಡಿ, ಹೌದು ಅಥವಾ ಇಲ್ಲ ಎಂದು ತೀರ್ಮಾನಿಸಲು ದಿನ ಗೊತ್ತುಮಾಡಿ. ಆ ದಿನ ಮಗಳು ಜೊತೆಗಿರಲಿ. ಅಲ್ಲಿಯವರೆಗೆ ಮೊಬೈಲಿನಲ್ಲಿ ಓದುವುದು ಬಿಟ್ಟು, ಭಯವನ್ನೆಲ್ಲ ಪ್ರಶ್ನೆಗಳಾಗಿ ಬರೆದು ವೈದ್ಯರ ಮುಂದಿಡಿ. ಮೊದಲೇ ರಕ್ತ ಪರೀಕ್ಷೆ ಮಾಡುತ್ತೀರಾ? ಕೊನೆಯ ಬೆದೆಯಾಗಿ ಎಷ್ಟು ತಿಂಗಳು ಕಳೆದಿರಬೇಕು? ಉಸಿರಿಗೆ ಕೊಳವೆ, ಕೈಗೆ ಡ್ರಿಪ್ ಹಾಕುತ್ತೀರಾ? ನೀವು ಕೊಯ್ಯುವಾಗ ಅರಿವಳಿಕೆಯನ್ನು ನೋಡಿಕೊಳ್ಳುವವರು ಯಾರು? ನೋವಿಗೆ ಏನು ಕೊಡುತ್ತೀರಿ? ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಲಿ? ಇವುಗಳಿಗೆ ಸಿಡಿಮಿಡಿಗೊಳ್ಳುವ ವೈದ್ಯರಾದರೆ ಬೇರೆಯವರನ್ನು ಹುಡುಕಿ ಎಂದೂ ಹೇಳಿದೆ.

ಪ್ರಶ್ನೆಗಳ ಹಾಳೆ ಹಿಡಿದು ಹೋದರು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳು, ಕಡಿಮೆ ಬಂತು. ಉಣುಗಿನ ಜ್ವರವಿರಬಹುದು ಎಂಬ ಅನುಮಾನ. ಉಣುಗು ಎಂದರೆ ಮಲೆನಾಡಿನವರಿಗೆ ಮಂಗನ ಕಾಯಿಲೆ ನೆನಪಾಗುತ್ತದೆ. ನಾಯಿಗಳಿಗೆ ಉಣುಗಿನಿಂದ ಬರುವ ಜ್ವರ ಬೇರೆ, ನಮ್ಮಲ್ಲಿ ಅದು ತೀರ ಸಾಮಾನ್ಯ. ಎಷ್ಟೋ ಸಲ ಮೇಲ್ನೋಟಕ್ಕೆ ಗೊತ್ತೇ ಆಗುವುದಿಲ್ಲ. ಪ್ಲೇಟ್‌ಲೆಟ್ ಕಡಿಮೆಯಿದ್ದಾಗ ಕೊಯ್ದರೆ ರಕ್ತ ನಿಲ್ಲುವುದು ಕಷ್ಟ. ಒಂದು ತಿಂಗಳು ಮಾತ್ರೆ ಕೊಟ್ಟು ಮತ್ತೆ ಪರೀಕ್ಷಿಸೋಣ ಎಂದರು ವೈದ್ಯರು. ಮೇಷ್ಟ್ರು ಫೋನ್ ಮಾಡಿ "ನೋಡಿದಿರಾ, ನಾನು ಹೇಳಲಿಲ್ಲವೇ?" ಎಂದರು. ಸರಿಯಾಗಿಯೇ ಹೇಳಿದ್ದೀರಿ, ಈ ಸಲ ಅದನ್ನು ವೈದ್ಯರಿಗೆ ಹೇಳಿದಿರಿ ಎಂದೆ.

ಎರಡನೆಯ ವರದಿ ಸರಿಯಿತ್ತು. ಒಪ್ಪಿಗೆ ಪತ್ರದಲ್ಲಿ ಒಂದೇ ಸಹಿಗೆ ಜಾಗವಿತ್ತಂತೆ. ಮಗಳು ಅಂಚಿನಲ್ಲಿ ತನ್ನದನ್ನೂ ಹಾಕಿದಳು. ರಾಣಿ ಮರುದಿನ ಗಂಜಿ ಕುಡಿದಳು, ಹೊಲಿಗೆ ನೆಕ್ಕದಂತೆ ಕುತ್ತಿಗೆಗೆ ಹಾಕಿದ್ದ ಪ್ಲಾಸ್ಟಿಕ್ ಪಟ್ಟಿಯನ್ನು ಬಾಗಿಲಿಗೆಲ್ಲ ಬಡಿದಳು. ಆದರೆ ಇದು ಸುಸೂತ್ರವಾಯಿತು ಎಂಬುದನ್ನು ನನ್ನ ಸಲಹೆಗೆ ಪುರಾವೆಯಾಗಿ ಬಳಸುವುದಿಲ್ಲ. ಕೆಟ್ಟದಾಗಿದ್ದರೂ ಅದೇ ಸಲಹೆ ಕೊಡುತ್ತಿದ್ದೆ, ಆಗ ಇದನ್ನು ಬರೆಯುವುದು ಹೆಚ್ಚು ಕಷ್ಟವಾಗುತ್ತಿತ್ತು, ಅಷ್ಟೇ.

ಹೆಂಡತಿಯ ಸಹಿಯ ವಿಷಯ ಮುಗಿದಿಲ್ಲ. ಅದಕ್ಕಾಗಿ ಮೇಷ್ಟ್ರು ಈಗಲೂ ತಿಂಗಳಿಗೊಮ್ಮೆ ಬರುತ್ತಾರೆ.